ಅಗ್ನಿವೀರ ಅರ್ಜಿ: ಯಾವ ವರ್ಗಕ್ಕೆ ಹಾಕಬೇಕು?

ಹಿಂದಿನ ಸಲ ಸೇನೆಯ ನಾಲ್ಕು ವರ್ಷದ ಅಗ್ನಿವೀರ ಭರ್ತಿಗೆ ಅರ್ಜಿ ಕರೆದಾಗ ಸೈಬರ್ ಸೆಂಟರ್‌ನಲ್ಲಿ ಒಬ್ಬ ಹುಡುಗನ ಪಕ್ಕ ಕೂತಿದ್ದೆ. ಪಿಯುಸಿ ಸೈನ್ಸ್, ಗಣಿತದಲ್ಲಿ 81. ಕಂಪ್ಯೂಟರ್ ಮುಂದಿದ್ದವರು ತಲೆ ಎತ್ತದೆಯೇ "ಜಿಡಿ ಹಾಕ್ಲಾ ತಮ್ಮಾ? ಎಲ್ರೂ ಅದನ್ನೇ ಹಾಕ್ಸೋದು" ಅಂದರು. ಜಿಡಿ ಅಂದರೆ ಜನರಲ್ ಡ್ಯೂಟಿ, ಸಾಮಾನ್ಯ ಸೈನಿಕನ ವರ್ಗ. ಹುಡುಗ ಹೂಂ ಅಂದ. ಮಾರ್ಕ್ಸ್ ಕಾರ್ಡ್ ಇನ್ನೂ ಪ್ಲಾಸ್ಟಿಕ್ ಕವರ್ ಒಳಗೇ ಇತ್ತು. ನಾನು ಬಾಯಿ ಹಾಕದಿದ್ದರೆ ಅರ್ಜಿ ಹಾಗೇ ಹೋಗಿಬಿಡುತ್ತಿತ್ತು.

ನಾನು ಸೇನೆಯಲ್ಲಿ ರೇಡಿಯೊ, ಫೋನ್ ಸಂಪರ್ಕ ನೋಡಿಕೊಳ್ಳುವ ಸಿಗ್ನಲ್ಸ್‌ನಲ್ಲಿದ್ದು ನಿವೃತ್ತನಾದವನು. ಪ್ರತಿ ವರ್ಷ ಒಂದಿಷ್ಟು ಹುಡುಗರು ಅರ್ಜಿ ತೋರಿಸಲು ಬರುತ್ತಾರೆ, ಹೆಚ್ಚಿನವರು ಹಾಕಿ ಆದ ಮೇಲೆ ಬರುತ್ತಾರೆ. ಓಟಕ್ಕೆ ಆರು ತಿಂಗಳು ಬೆಳಗಿನ ಜಾವ ಎದ್ದವರು ವರ್ಗ ಆರಿಸಲು ಐದು ನಿಮಿಷ ಕೊಟ್ಟಿರುವುದಿಲ್ಲ.

ಆಯ್ಕೆ ನಿಮ್ಮದು ಎಲ್ಲಿಯವರೆಗೆ

ಮೊದಲು ಇದು ತಿಳಿದಿರಲಿ. ನೀವು ಆರಿಸುವುದು ವರ್ಗವನ್ನು ಮಾತ್ರ: ಜಿಡಿ, ಟೆಕ್ನಿಕಲ್, ಕ್ಲರ್ಕ್ ಮತ್ತು ಸ್ಟೋರ್ ಕೀಪರ್, ಟ್ರೇಡ್ಸ್‌ಮನ್. ಕ್ಲರ್ಕ್ ವರ್ಗವನ್ನು ಈಗ ಆಫೀಸ್ ಅಸಿಸ್ಟೆಂಟ್ ಅಂತ ಕರೆಯುತ್ತಾರೆ, ಎರಡೂ ಒಂದೇ, ಗಾಬರಿ ಬೇಡ. ಯಾವ ರೆಜಿಮೆಂಟ್, ಯಾವ ಕೆಲಸ ಅನ್ನುವುದನ್ನು ಸೇನೆ ತೀರ್ಮಾನಿಸುತ್ತದೆ. ಬೆಳಗಾವಿಯವನು ಅಂತ ಮರಾಠಾ ಲೈಟ್ ಇನ್‌ಫೆಂಟ್ರಿಯೇ ಸಿಗುವುದಿಲ್ಲ. ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಮನೆಗೆ ಹತ್ತಿರ ಅಂತ ಅಲ್ಲಿಗೇ ಹಾಕುವುದೂ ಇಲ್ಲ. "ಇಂಥ ಯೂನಿಟ್‌ಗೇ ಹಾಕಿಸಿಕೊಡ್ತೀನಿ, ಇಷ್ಟು ಕೊಡು" ಅನ್ನುವವರು ಭರ್ತಿ ಸಮಯದಲ್ಲಿ ಹುಟ್ಟಿಕೊಳ್ಳುತ್ತಾರೆ. ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ.

ಸಂಬಳದಲ್ಲಿ ವರ್ಗದಿಂದ ವರ್ಗಕ್ಕೆ ವ್ಯತ್ಯಾಸ ಇಲ್ಲ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ 9,000 ಸೇವಾನಿಧಿಗೆ, ಅಂದರೆ ಸೇವೆ ಮುಗಿದಾಗ ಒಟ್ಟಿಗೆ ಸಿಗುವ ನಿಧಿಗೆ ಹೋಗಿ ಕೈಗೆ 21,000 ಬರುತ್ತದೆ, ನಾಲ್ಕನೇ ವರ್ಷಕ್ಕೆ ಸಂಬಳ 40,000 ಆಗುತ್ತದೆ. ನಾಲ್ಕು ವರ್ಷ ಮುಗಿದಾಗ ಸೇವಾನಿಧಿ ಬಡ್ಡಿ ಸೇರಿ ಸುಮಾರು 11.71 ಲಕ್ಷ. ಆಮೇಲೆ ಕಾಯಂ ಆಗುವುದು ಹೆಚ್ಚೆಂದರೆ 25 ಪರ್ಸೆಂಟ್ ಜನ. ಅಂದರೆ ನೂರರಲ್ಲಿ ಎಪ್ಪತ್ತೈದು ಹುಡುಗರು ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿಗೆ ಹೊರಗೆ ಬಂದು ಇನ್ನೊಂದು ಕೆಲಸ ಹುಡುಕಬೇಕು. ವರ್ಗ ಆರಿಸುವಾಗ ನನ್ನ ತಲೆಯಲ್ಲಿ ಮೊದಲು ಬರುವುದೇ ಇದು. ಆ ದಿನ ಕೈಯಲ್ಲಿ ಯಾವ ಕೆಲಸ ಕಲಿತಿರುತ್ತೀರಿ?

ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ಲೆಕ್ಕ ಹಾಕಿ

ಎಡವುವುದು ಇಲ್ಲೇ. ಪೆನ್ನು ಹಿಡಿದು ಕೂತ್ಕೊಳ್ಳಿ, ಮೊಬೈಲ್‌ನಲ್ಲಿ ನೋಡಿದ್ದು ನೆನಪಿದೆ ಅನ್ನಬೇಡಿ.

ಜಿಡಿಗೆ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು 45 ಪರ್ಸೆಂಟ್ ಬೇಕು, ಒಂದೊಂದು ವಿಷಯದಲ್ಲಿ 33. ನಮ್ಮ ಬೋರ್ಡಿನ 625ಕ್ಕೆ ಲೆಕ್ಕ ಹಾಕಿದರೆ 281.25 ಬರುತ್ತದೆ, ಅಂದರೆ 282 ಇರಲೇಬೇಕು. 280 ಬಂದವನು "ಹತ್ತಿರ ಹತ್ತಿರ 45 ಅಲ್ವಾ ಸರ್" ಅನ್ನುತ್ತಾನೆ. ಅಲ್ಲ. ದಾಖಲೆ ಪರಿಶೀಲನೆಯಲ್ಲಿ ಹತ್ತಿರಕ್ಕೆ ಬೆಲೆ ಇಲ್ಲ, ಓಟದಲ್ಲಿ ಮೊದಲು ಬಂದಿದ್ದರೂ ವಾಪಸ್ ಕಳಿಸುತ್ತಾರೆ.

ಟೆಕ್ನಿಕಲ್‌ಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಇಂಗ್ಲಿಷ್ ಇರಬೇಕು. ಒಟ್ಟು 50 ಪರ್ಸೆಂಟ್, ಒಂದೊಂದರಲ್ಲೂ 40. ಈ ಕೊನೆಯ 40 ಎಷ್ಟು ಜನರ ಕಣ್ತಪ್ಪುತ್ತದೆ ಗೊತ್ತಾ? ಮ್ಯಾಥ್ಸ್‌ನಲ್ಲಿ 37 ಬಂದು ಪಾಸಾಗಿ, ಒಟ್ಟು 68 ಪರ್ಸೆಂಟ್ ಇಟ್ಟುಕೊಂಡು ಬಂದ ಹುಡುಗನಿಗೆ ನಾನೇ ಆಗಲ್ಲಪ್ಪ ಅಂತ ಹೇಳಬೇಕಾಯಿತು. ಅವನ ಮುಖ ಈಗಲೂ ಕಣ್ಮುಂದೆ ಬರುತ್ತದೆ. ಐಟಿಐ, ಡಿಪ್ಲೊಮಾ ಮಾಡಿದವರಿಗೂ ಟೆಕ್ನಿಕಲ್ ಬಾಗಿಲು ತೆರೆದಿದೆ. ಆದರೆ ಎಲ್ಲ ಟ್ರೇಡ್‌ಗಳಿಗೂ ಇಲ್ಲ, ಅಧಿಸೂಚನೆಯಲ್ಲಿ ನಿಮ್ಮ ಟ್ರೇಡ್ ಹೆಸರು ಇದೆಯಾ ನೋಡಿ. ಐಟಿಐ ಸರ್ಟಿಫಿಕೇಟ್ ದುಡ್ಡು ಕೊಟ್ಟು ತರುವ ಯೋಚನೆಯನ್ನು ಬಿಟ್ಟುಬಿಡಿ. ಸಿಕ್ಕಿಬಿದ್ದರೆ ಭರ್ತಿ ಅಷ್ಟೇ ಅಲ್ಲ, ಬದುಕೇ ಹಾಳು.

ಕ್ಲರ್ಕ್ ವರ್ಗಕ್ಕೆ ಪಿಯುಸಿ ಯಾವ ವಿಭಾಗವಾದರೂ ಸರಿ. ಒಟ್ಟು 60 ಪರ್ಸೆಂಟ್, ಅಂದರೆ 600ಕ್ಕೆ 360. ಪ್ರತಿ ವಿಷಯದಲ್ಲಿ 50. ಇಂಗ್ಲಿಷ್ ಜತೆಗೆ ಮ್ಯಾಥ್ಸ್ ಅಥವಾ ಅಕೌಂಟ್ಸ್ ಓದಿರಬೇಕು, ಅದರಲ್ಲೂ 50. ಆದ್ದರಿಂದ ಆರ್ಟ್ಸ್ ಓದಿದ ಹೆಚ್ಚಿನವರಿಗೆ ಇದು ದಕ್ಕುವುದಿಲ್ಲ, ಕಾಮರ್ಸ್‌ನವರಿಗೆ ಹೇಳಿ ಮಾಡಿಸಿದ್ದು. ಟೈಪಿಂಗ್ ಪರೀಕ್ಷೆಯೂ ಇದೆ, ಇವತ್ತಿಂದಲೇ ಕೀಬೋರ್ಡ್ ಮುಂದೆ ಕೂರಿ.

ಆಮೇಲೆ ಎತ್ತರ. ನಮ್ಮ ರಾಜ್ಯದವರಿಗೆ ಜಿಡಿಗೆ 166 ಸೆಂಟಿಮೀಟರ್ ಬೇಕು, ಕ್ಲರ್ಕ್‌ಗೆ 162 ಸಾಕು. 163 ಇರುವ ಕಾಮರ್ಸ್ ಹುಡುಗ ಜಿಡಿ ಹಾಕಿ, ರ‍್ಯಾಲಿ ಮೈದಾನದಲ್ಲಿ ಎತ್ತರದ ಕಂಬದ ಹತ್ತಿರವೇ ಹೊರಗಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮನೆಯಲ್ಲಿ ಬರಿಗಾಲಲ್ಲಿ, ಗೋಡೆಗೆ ಹಿಮ್ಮಡಿ ತಾಗಿಸಿ, ಬೇರೆಯವರ ಕೈಲಿ ಅಳೆಸಿ. ಶೂ ಹಾಕಿಕೊಂಡು ಅಳೆದ ಎತ್ತರ ಲೆಕ್ಕಕ್ಕಿಲ್ಲ.

ಎರಡು ಹಾಕಬಹುದು, ಹಾಕಿ

ಮೊದಲು ಒಂದೇ ವರ್ಗಕ್ಕೆ ಅರ್ಜಿ ಹಾಕಬೇಕಿತ್ತು. 2025ರಿಂದ, ಅರ್ಹತೆ ಇದ್ದರೆ ಎರಡು ವರ್ಗಗಳಿಗೆ ಹಾಕಬಹುದು. ಇದನ್ನು ಸುಮ್ನೆ ಬಿಟ್ಟುಬಿಡುವವರು ತುಂಬಾ ಜನ. ಸೈನ್ಸ್ ಓದಿ ಅಂಕ ಇದ್ದರೆ ಟೆಕ್ನಿಕಲ್ ಮತ್ತು ಜಿಡಿ. ಕಾಮರ್ಸ್ ಆದರೆ ಕ್ಲರ್ಕ್ ಮತ್ತು ಜಿಡಿ. ಇದು ನನ್ನ ಗಟ್ಟಿ ಮಾತು. ಟೆಕ್ನಿಕಲ್ ಪರೀಕ್ಷೆ ಕಷ್ಟ, ಜಿಡಿ ಸುಲಭ ಅಂತ ಹೆದರಿಸುವವರ ಮಾತು ಕೇಳಬೇಡಿ. ಹೆಚ್ಚಿನ ಪ್ರಶ್ನೆಗಳು ನೀವು ಪಿಯುಸಿಯಲ್ಲಿ ಓದಿದ ಪಾಠದ ಮೇಲೆಯೇ ಬರುತ್ತವೆ, ಮೂರು ತಿಂಗಳು ಹಳೆಯ ಪುಸ್ತಕ ತೆರೆದರೆ ಆಗುತ್ತದೆ. ಟೆಕ್ನಿಕಲ್‌ನಲ್ಲಿ ರೇಡಿಯೊ, ರೇಡಾರ್, ವಾಹನ, ಎಂಜಿನ್ ಇವುಗಳ ಜತೆ ಕೈ ಪಳಗುತ್ತದೆ. ನಾನು ಕಲಿತ ವೈರ್ ಜೋಡಿಸುವ ಕೆಲಸ ಹೊರಗೆ ಬಂದ ಮೇಲೂ ಅನ್ನ ಹಾಕಿದೆ.

ಹಾಗಂತ ಜಿಡಿ ಕಡಿಮೆ ಅಲ್ಲ. ಗಡಿಯಲ್ಲಿ ನಿಲ್ಲುವುದು ಅವರೇ. ಬಂದೂಕು ಹಿಡಿದು ಮುಂದೆ ಹೋಗಬೇಕು ಅನ್ನುವ ಆಸೆಯೇ ನಿಮ್ಮನ್ನು ಇಲ್ಲಿಗೆ ತಂದಿದ್ದರೆ ಜಿಡಿಯನ್ನೇ ಹಾಕಿ, ಧೈರ್ಯವಾಗಿ ಹಾಕಿ. ಹದಿನೆಂಟು ತುಂಬಿದವರು ಮೊದಲು ಕಾರಿನ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಳ್ಳಿ. ಜಿಡಿಯಲ್ಲಿ ಡ್ರೈವರ್ ಕೆಲಸಕ್ಕೆ ಅಂಥವರಿಗೆ ಆದ್ಯತೆ ಇದೆ.

ಟ್ರೇಡ್ಸ್‌ಮನ್ ಬಗ್ಗೆ ಒಂದು ಮಾತು. ಅಡುಗೆ, ಹೊಲಿಗೆ, ಕ್ಷೌರ, ಬಟ್ಟೆ ಒಗೆಯುವುದು ಇಂಥ ಕೆಲಸ. ಎಂಟನೇ ಕ್ಲಾಸ್ ಪಾಸಾದವರಿಗೂ ಮೆಸ್ ಮತ್ತು ಹೌಸ್ ಕೀಪಿಂಗ್‌ನಲ್ಲಿ ಅವಕಾಶ ಇದೆ. ಆ ಕೆಲಸ ಬರುತ್ತಿದ್ದರೆ, ಇಷ್ಟ ಇದ್ದರೆ ಖಂಡಿತ ಹೋಗಿ. ಒಳ್ಳೆಯ ಅಡುಗೆಯವನನ್ನು ಯೂನಿಟ್ ಇಡೀ ತಲೆ ಮೇಲೆ ಹೊತ್ತುಕೊಳ್ಳುತ್ತದೆ. ಆದರೆ "ಹೇಗಾದ್ರೂ ಒಳಗೆ ಹೋಗೋಣ, ಆಮೇಲೆ ಬದಲಾಯಿಸಿಕೊಳ್ಳೋಣ" ಅಂತ ಹೋಗಬೇಡಿ. ಆ ನಂಬಿಕೆಯಲ್ಲಿ ಹೋದವರು ಕೊರಗುವುದನ್ನು ನೋಡಿದ್ದೇನೆ.

ಬಯಾಲಜಿ ಓದಿದವರು ಸೋಲ್ಜರ್ ಟೆಕ್ನಿಕಲ್ ನರ್ಸಿಂಗ್ ಅಸಿಸ್ಟೆಂಟ್ ಭರ್ತಿಯನ್ನೂ ಹುಡುಕಿ. ಅದು ಅಗ್ನಿವೀರ ಅಲ್ಲ, ರೆಗ್ಯುಲರ್. ಹೆಣ್ಣುಮಕ್ಕಳಿಗೆ ಅಗ್ನಿವೀರದಲ್ಲಿ ಮಿಲಿಟರಿ ಪೊಲೀಸ್ ಜಿಡಿ ಇದೆ.

ಉಳಿದದ್ದು

ಜಾಯಿನ್ ಇಂಡಿಯನ್ ಆರ್ಮಿ ವೆಬ್‌ಸೈಟ್‌ನಲ್ಲಿ ನೋಂದಣಿ, ಆನ್‌ಲೈನ್ ಪರೀಕ್ಷೆ, ಅದರಲ್ಲಿ ಆಯ್ಕೆಯಾದರೆ ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟ, ಪುಲ್ ಅಪ್, 9 ಅಡಿ ಹಳ್ಳ ಜಿಗಿತ, ವೈದ್ಯಕೀಯ ತಪಾಸಣೆ. ಎನ್‌ಸಿಸಿ ಸರ್ಟಿಫಿಕೇಟ್ ಇದ್ದರೆ ಬೋನಸ್ ಅಂಕ ಇದೆ, ಅರ್ಜಿಯಲ್ಲಿ ಅದನ್ನು ತುಂಬಲು ಮರೆಯಬೇಡಿ. ಅಂಗಡಿಯಲ್ಲಿ ಸಿಗುವ ಗೈಡ್‌ಗಳನ್ನು ಕೊಳ್ಳುವ ಮೊದಲು ಇಸವಿ ನೋಡಿ. 2023ಕ್ಕಿಂತ ಮೊದಲಿನವುಗಳಲ್ಲಿ ರ‍್ಯಾಲಿ ಮೊದಲು, ಪರೀಕ್ಷೆ ಆಮೇಲೆ ಅಂತ ಇರುತ್ತದೆ. ಈಗ ಅದು ತಿರುಗುಮುರುಗಾಗಿದೆ.

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿರುವ ಹೆಸರು, ತಂದೆ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲೂ ಅಕ್ಷರ ಬಿಡದೆ ಹಾಗೇ ಇರಬೇಕು. ಇನಿಷಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ ಇದ್ದರೆ ಮೊದಲು ಆಧಾರ್ ಸರಿ ಮಾಡಿಸಿ, ಆಮೇಲೆ ಅರ್ಜಿ.

ಕೊನೆಗೆ ಸಬ್ಮಿಟ್ ಒತ್ತುವ ಮುಂಚೆ ಸೈಬರ್ ಸೆಂಟರ್‌ನವರನ್ನು ಕೇಳಿ ಕುರ್ಚಿ ನೀವು ತೆಗೆದುಕೊಳ್ಳಿ. ವರ್ಗದ ಹೆಸರಿನ ಮೇಲೆ ಬೆರಳಿಟ್ಟು ಓದಿ, ಮಾರ್ಕ್ಸ್ ಕಾರ್ಡ್‌ನ ಅಂಕ ಒಂದೊಂದಾಗಿ ಹೋಲಿಸಿ ನೋಡಿ, ಬಟನ್ ನೀವೇ ಒತ್ತಿ. ಪ್ರಿಂಟ್ ಎರಡು ಪ್ರತಿ ತೆಗೆಸಿಕೊಳ್ಳಿ, ಒಂದು ಮನೆಯಲ್ಲಿರಲಿ.