ಕೆಂಪು ದೀಪ ಕಂಡರೆ ಹಡಗು ತೆಂಕಕ್ಕೆ

ಕಾರವಾರಕ್ಕೆ ಕ್ರೂಸ್ ಹಡಗು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಡಿಸೆಂಬರ್ ರಜೆಗೆ ಶಿರಸಿಯಿಂದ ಇಳಿದು ಬರುವ ಅಕ್ಕನ ಮಗ ಬಸ್ಸಿನಿಂದ ಕಾಲು ಕೆಳಗಿಡುವುದರೊಳಗೆ ಕೇಳುತ್ತಾನೆ: "ಚಿಕ್ಕಮ್ಮಾ, ಆ ದೊಡ್ಡ ಬಿಳಿ ಹಡಗು ಎಲ್ಲಿ ನಿಲ್ತು?" ಇಲ್ಲಿ ನಿಲ್ತಿಲ್ಲೆ ತಮಾ, ದಾಟಿ ಹೋಗ್ತು. ಪ್ರಯಾಣಿಕರನ್ನು ಇಳಿಸಿಕೊಳ್ಳುವ ವ್ಯವಸ್ಥೆ ಇರುವುದು ಬಡಗಿಗೆ ಮೊರ್ಮುಗೋವಾದಲ್ಲಿ, ತೆಂಕಿಗೆ ನವಮಂಗಳೂರಿನಲ್ಲಿ, ಅದಕ್ಕೂ ಕೆಳಗೆ ಕೊಚ್ಚಿಯಲ್ಲಿ. ಮಾಜಾಳಿಯಿಂದ ಭಟ್ಕಳದವರೆಗಿನ ನಮ್ಮ ದಂಡೆ ಅವಕ್ಕೆ ರಾತ್ರಿ ನಿದ್ದೆಯಲ್ಲಿ ಕಳೆದುಹೋಗುವ ದಾರಿ.

ಹಾಗಂತ ನೋಡಲು ಸಿಗುವುದಿಲ್ಲ ಎಂದಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಸಂಜೆಗಳು ಖಾಲಿಯಾದವು, ಮನೆಯಿಂದ ಟ್ಯಾಗೋರ್ ಕಡಲತೀರಕ್ಕೆ ನಡೆಯುವಷ್ಟೇ ದೂರ. ದೂರದ ದೀಪ ಯಾವುದು, ಎತ್ತ ಹೋಗುತ್ತಿದೆ ಎಂದು ಗುರುತಿಸುವ ಚಟ ಅಲ್ಲಿಂದ ಹತ್ತಿತು. ಈಗ ಆ ಚಟ ಕರಾವಳಿಯ ಬಂದರುಗಳನ್ನೆಲ್ಲ ಸುತ್ತಿಸುತ್ತಿದೆ.

ಮೊದಲು ಎತ್ತರದ ಲೆಕ್ಕ. ಮರಳಿನ ಮೇಲೆ ನಿಂತ ಮನುಷ್ಯನಿಗೆ ದಿಗಂತ ನಾಲ್ಕೂವರೆ ಕಿಲೋಮೀಟರಿಗೇ ಮುಗಿಯುತ್ತದೆ. ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಬರುತ್ತದೆ. ಹಡಗಿಗೂ ಇದೇ ಲೆಕ್ಕ: ನೀರಿನಿಂದ 40 ಮೀಟರ್ ಎತ್ತರದ ಹಡಗಿನ ನೆತ್ತಿಗೆ ಸುಮಾರು 22 ಕಿಲೋಮೀಟರ್. ಎರಡನ್ನೂ ಕೂಡಿಸಿದರೆ, ದಂಡೆಯಲ್ಲಿ ನಿಂತವರಿಗೆ ಆ ಹಡಗಿನ ತುದಿ ಕಾಣುವುದು ಹೆಚ್ಚೆಂದರೆ 27 ಕಿಲೋಮೀಟರ್ ದೂರದಿಂದ. ಅದೇ ಸದಾಶಿವಗಡದ ಗುಡ್ಡ ಹತ್ತಿ ಸುಮಾರು 60 ಮೀಟರ್ ಎತ್ತರದಲ್ಲಿ ನಿಂತರೆ 50 ಕಿಲೋಮೀಟರಿನ ಹಡಗೂ ಲೆಕ್ಕಕ್ಕೆ ಸಿಗುತ್ತದೆ. ಗಾಳಿ ಬೆಳಕನ್ನು ಸ್ವಲ್ಪ ಬಾಗಿಸುವುದರಿಂದ ಇನ್ನೊಂದಿಷ್ಟು ದೂರವೂ ಉಂಟು. ಆದ್ದರಿಂದ ದುಬಾರಿ ದುರ್ಬೀನು ಕೊಳ್ಳುವ ಮೊದಲು ಗುಡ್ಡ ಹತ್ತಿ. ನನ್ನದು 7x50 ಎಂಬ ಸಾದಾ ಬೈನಾಕ್ಯುಲರ್, ಅಂದರೆ ಏಳು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿಲಿಮೀಟರ್ ಅಗಲದ ಗಾಜಿನದು. ಹತ್ತು ಪಟ್ಟಿನದಕ್ಕೆ ನನ್ನ ಕೈ ನಡುಗುತ್ತದೆ, ಮತ್ತು ರಾತ್ರಿಯಲ್ಲಿ ಬೇಕಾದದ್ದು ಪಟ್ಟಿಗಿಂತ ಬೆಳಕು.

ಯಾವ ಹೊತ್ತಿಗೆ ನೋಡಬೇಕು ಎಂಬುದಕ್ಕೂ ಲೆಕ್ಕವಿದೆ. ಮೊರ್ಮುಗೋವಾದಿಂದ ನವಮಂಗಳೂರಿಗೆ ಸಮುದ್ರದಲ್ಲಿ ಸುಮಾರು 160 ನಾಟಿಕಲ್ ಮೈಲು. ಹದಿನೈದು ನಾಟ್ ವೇಗದಲ್ಲಿ, ಅಂದರೆ ತಾಸಿಗೆ ಹದಿನೈದು ನಾಟಿಕಲ್ ಮೈಲಿನಂತೆ ಹೋದರೆ ಹನ್ನೊಂದು ತಾಸಿನ ಹಾದಿ. ಸಂಜೆ ಏಳಕ್ಕೆ ಗೋವಾ ಬಿಟ್ಟ ಹಡಗು ಬೆಳಗಿಗೆ ಮಂಗಳೂರು ಸೇರುವುದು ಹೀಗೆ. ಅಂದರೆ ಕಾರವಾರದ ನೇರಕ್ಕೆ ಬರುವಾಗ ರಾತ್ರಿ ಒಂಬತ್ತೂವರೆ-ಹತ್ತು, ಮುರುಡೇಶ್ವರದ ನೇರಕ್ಕೆ ನಡುರಾತ್ರಿ ದಾಟಿರುತ್ತದೆ. ಊಟ ಮುಗಿಸಿ ಶಾಲು ಹೊದ್ದು ಹೋಗಲು ಕಾರವಾರವೇ ಅನುಕೂಲ. ಆಯಾ ಬಂದರುಗಳಿಗೆ ಯಾವ ಹಡಗು ಯಾವ ದಿನ ಎಂಬುದು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಋತುವಿನಲ್ಲಿ ಪತ್ರಿಕೆಗಳಲ್ಲೂ ಬರುತ್ತದೆ. ಅಕ್ಕನ ಮಗ ಕೇಳುವುದು ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಬಗ್ಗೆ: 1990ರಲ್ಲಿ ಕಟ್ಟಿದ ಹಡಗು, ಸುಮಾರು 211 ಮೀಟರ್ ಉದ್ದ, ನಮ್ಮ ದೇಶದ ದಂಡೆಯಲ್ಲಿ ಓಡಾಟ ಶುರುಮಾಡಿದ್ದು 2021ರಲ್ಲಿ.

ಮೊಬೈಲಿನಲ್ಲಿ ಹಡಗುಗಳ ಜಾಗ ತೋರಿಸುವ ಮರೈನ್‌ಟ್ರಾಫಿಕ್ ಆ್ಯಪ್ ತೆರೆದರೆ ನಕ್ಷೆಯ ಮೇಲೆ ಬಣ್ಣದ ಬಾಣಗಳು ಕಾಣುತ್ತವೆ. ನೀಲಿ ಪ್ರಯಾಣಿಕರ ಹಡಗು, ಹಸಿರು ಸರಕಿನದು, ಕೆಂಪು ಎಣ್ಣೆ ಟ್ಯಾಂಕರು. ಹಡಗು ತಾನೇ ರೇಡಿಯೊದಲ್ಲಿ ಹೆಸರು, ದಿಕ್ಕು, ವೇಗ ಸಾರುತ್ತಿರುತ್ತದೆ, ದಂಡೆಯ ಯಾವುದೋ ಆಂಟೆನಾ ಹಿಡಿದು ನಕ್ಷೆಗೆ ಹಾಕುತ್ತದೆ. ಆಂಟೆನಾಕ್ಕೆ ಸಿಗದಿದ್ದರೆ ಬಾಣ ಹಳೆಯ ಜಾಗದಲ್ಲೇ ನಿಂತಿರುತ್ತದೆ. ಅದಕ್ಕೇ ಬಾಣದ ಪಕ್ಕದ ಸಮಯ ನೋಡದೆ ಯಾರನ್ನೂ ಗುಡ್ಡ ಹತ್ತಿಸಬೇಡಿ.

ಆದರೂ ನನಗೆ ಹೆಚ್ಚು ಖುಷಿ ಕೊಡುವುದು ಮೊಬೈಲ್ ಜೇಬಿನಲ್ಲಿಟ್ಟು ದೀಪ ಓದುವುದು. ಜಗತ್ತಿನ ಎಲ್ಲ ಹಡಗುಗಳಿಗೂ ಎಡಮಗ್ಗುಲಿಗೆ ಕೆಂಪು ದೀಪ, ಬಲಮಗ್ಗುಲಿಗೆ ಹಸಿರು. ನಮ್ಮ ದಂಡೆ ಇರುವುದು ಸಮುದ್ರದ ಮೂಡಣಕ್ಕೆ. ತೆಂಕಕ್ಕೆ ಮುಖ ಮಾಡಿ ಹೊರಟ ಹಡಗಿಗೆ ಮೂಡಣ ಎಡಗೈ. ಹೀಗಾಗಿ ನಮಗೆ ಕೆಂಪು ಕಂಡರೆ ಮಂಗಳೂರು-ಕೊಚ್ಚಿಯ ಕಡೆ, ಹಸಿರು ಕಂಡರೆ ಗೋವಾ-ಮುಂಬೈ ಕಡೆ. ಇಷ್ಟು ಹೇಳಿಕೊಟ್ಟರೆ ಸಣ್ಣ ಮಕ್ಕಳೂ ತಾಸುಗಟ್ಟಲೆ ಕೂರುತ್ತಾರೆ. ತೊಂದರೆ ಒಂದೇ. ದೊಡ್ಡ ಹಡಗಿನ ಪಕ್ಕದ ದೀಪ ಕಾಣಲೇಬೇಕಾದ ದೂರ ಮೂರು ನಾಟಿಕಲ್ ಮೈಲು, ಅಂದರೆ ಐದೂವರೆ ಕಿಲೋಮೀಟರ್ ಮಾತ್ರ. ಅದಕ್ಕಿಂತ ಆಚೆಯದಕ್ಕೆ ಕಂಬದ ಬಿಳಿ ದೀಪಗಳನ್ನು ನಂಬಬೇಕು. ದೊಡ್ಡ ಹಡಗಿಗೆ ಅವು ಎರಡು: ಮುಂದಿನದು ತಗ್ಗಿನಲ್ಲಿ, ಹಿಂದಿನದು ಎತ್ತರದಲ್ಲಿ. ತಗ್ಗಿನ ದೀಪ ಯಾವ ಕಡೆಗಿದೆಯೋ ಹಡಗಿನ ಮೂತಿ ಆ ಕಡೆಗೆ. ಪಡುವಣಕ್ಕೆ ಮುಖ ಮಾಡಿ ನಿಂತಾಗ ತಗ್ಗಿನದು ಎಡಕ್ಕಿದ್ದರೆ ತೆಂಕಕ್ಕೆ ಹೊರಟಿದೆ. ಎರಡೂ ಒಂದರ ಮೇಲೊಂದು ನೇರ ನಿಂತರೆ ನಮ್ಮತ್ತಲೇ ಬರುತ್ತಿದೆ, ಕಾರವಾರ ಬಂದರಿರುವ ಬೈತಖೋಲಕ್ಕೆ ಬರುವ ಟ್ಯಾಂಕರೇ ಇರಬೇಕು.

ಕ್ರೂಸ್ ಹಡಗಿಗೆ ಈ ಯಾವ ಪಾಠವೂ ಬೇಡ. ಅದರ ಕಿಟಕಿ, ಡೆಕ್ಕುಗಳ ಬೆಳಕಿನಲ್ಲಿ ಕೆಂಪು-ಹಸಿರು ಮುಳುಗಿಯೇ ಹೋಗುತ್ತದೆ. ಮೊದಲು ದಿಗಂತದ ಅಂಚಿನಲ್ಲಿ ಮಸುಕು ಬೆಳಕು ಏಳುತ್ತದೆ, ಆಮೇಲೆ ಶಿರಸಿಯ ಮಾರಿಜಾತ್ರೆಯ ಪೇಟೆಯೇ ನೀರ ಮೇಲೆ ಸರಿದು ಹೋದ ಹಾಗೆ ದೀಪದ ಗುಂಪು. ದಂಡೆಯಿಂದ ಮೇಲಿನ ಅಂತಸ್ತುಗಳಷ್ಟೇ ಕಾಣುವುದು, ಕೆಳಗಿನವು ಭೂಮಿಯ ಉಬ್ಬಿನ ಹಿಂದೆ. ಬೋಟುಗಳು ಎಲ್‌ಇಡಿ ಬೆಳಕು ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೂ ಎಲ್ಲೋ ಒಂದು ಕಡೆ ಅಂಥ ಬೆಳಕು ಕಂಡರೆ ಕ್ರೂಸ್ ಎಂದು ಹಿಗ್ಗಬೇಡಿ. ಹತ್ತು ನಿಮಿಷ ನೋಡಿ, ಒಂದೇ ಕಡೆ ನಿಂತಿದ್ದರೆ ಅಲ್ಲ.

ಹಗಲಿನಲ್ಲಾದರೆ ಬೆಳಗ್ಗೆಯೇ ಸರಿ. ಸೂರ್ಯ ಬೆನ್ನ ಹಿಂದಿರುತ್ತಾನೆ, ಹಡಗಿನ ಬಣ್ಣ, ಹೆಸರು ಎಲ್ಲ ಬೆಳಗುತ್ತದೆ. ಸಂಜೆ ಎದುರು ಬಿಸಿಲಿಗೆ ಕಪ್ಪು ಆಕಾರವಷ್ಟೇ. ಫೋಟೊ ಚೆಂದ ಬರುತ್ತದೆ, ಗುರುತು ಸಿಗುವುದಿಲ್ಲ. ಮಾರ್ಚ್ ದಾಟಿದರೆ ಮಬ್ಬು ಕವಿಯುತ್ತದೆ. ಕೆಲವು ದಿನ ಹಡಗು ನೀರು ಬಿಟ್ಟು ಮೇಲೆ ತೇಲುತ್ತಿರುವಂತೆ ಕಾಣುವುದೂ ಉಂಟು. ನೀರಿಗೆ ತಾಗಿದ ಗಾಳಿಯ ಪದರಕ್ಕೂ ಮೇಲಿನದಕ್ಕೂ ಶಾಖದ ವ್ಯತ್ಯಾಸವಾದಾಗ ಬೆಳಕು ಬಾಗಿ ಆಡುವ ಆಟ ಅದು. ನಮ್ಮ ಕಾಲೇಜಿನ ಹುಡುಗರಿಗೆ ಮರೀಚಿಕೆ ಎಂದರೆ ಪುಸ್ತಕದ ಒಂಟೆ-ಖರ್ಜೂರದ ಚಿತ್ರವೇ ನೆನಪು. ಬಾಗಿಲಲ್ಲಿ ಸಮುದ್ರ ಇಟ್ಟುಕೊಂಡೂ!

ಈಗ ಬೈತಖೋಲ. ಗುಡ್ಡದ ಮರೆಯಲ್ಲಿ, ಎದುರಿಗೆ ನಡುಗಡ್ಡೆಗಳ ಕಾವಲಿನಲ್ಲಿ ಇರುವುದರಿಂದ ಕಾರವಾರ ಬಂದರಿಗೆ ನಮ್ಮ ಜಿಲ್ಲೆಯ ಬೇರಾವುದಕ್ಕೂ ಇಲ್ಲದ ಆಶ್ರಯ. ಒಳಗೆ ಹೋಗಲು ಪಾಸು ಬೇಕು, ಆದರೆ ಹೊರಗಿನಿಂದಲೇ ಓದಿಕೊಳ್ಳಲು ಬಹಳವಿದೆ. ಡಾಂಬರು, ಇಂಧನ ತೈಲ ತರುವ ಟ್ಯಾಂಕರಿನ ಹೊಟ್ಟೆಯ ಕೆಂಪು ಬಣ್ಣ ನೀರಿನ ಮೇಲೆ ಎಷ್ಟು ಕಾಣುತ್ತದೆ ನೋಡಿ. ಹೆಚ್ಚು ಕಂಡರೆ ಖಾಲಿಯಾಗಿದೆ. ಕೆಂಪು ಬಾವುಟ ಏರಿಸಿದ್ದರೆ ಅಪಾಯದ ಸರಕು ಇಳಿಯುತ್ತಿದೆ. ಅರ್ಧ ಬಿಳಿ ಅರ್ಧ ಕೆಂಪು ಬಾವುಟವಿದ್ದರೆ ಬಂದರಿನ ಪೈಲಟ್ ಮೇಲೆ ಹತ್ತಿದ್ದಾರೆ. ಹಿಂಬದಿಯಲ್ಲಿ ಪನಾಮಾ, ಮನ್ರೋವಿಯಾ ಎಂದು ಊರ ಹೆಸರು ಬರೆದಿರುತ್ತದೆ, ಅದು ನೋಂದಣಿಯ ಊರು. ಹಡಗು ಅಲ್ಲಿಗೆ ಒಮ್ಮೆಯೂ ಹೋಗಿರಲಿಕ್ಕಿಲ್ಲ. ನಡುಹೊಟ್ಟೆಯ ಮೇಲೆ ವೃತ್ತ, ಅದನ್ನು ಸೀಳಿದ ಗೆರೆ, ಪಕ್ಕದಲ್ಲಿ ಏಣಿಯಂಥ ಗೀರುಗಳಿರುತ್ತವೆ. ಯಾವ ಸಮುದ್ರದಲ್ಲಿ, ಯಾವ ಋತುವಿನಲ್ಲಿ ಎಷ್ಟರವರೆಗೆ ಮುಳುಗುವಷ್ಟು ಭಾರ ಹೇರಬಹುದು ಎಂಬ ಗುರುತು ಅದು. ಮಳೆಗಾಲದ ಅರಬ್ಬಿ ಸಮುದ್ರಕ್ಕೆ ಒಂದು ಗೆರೆ ಕೆಳಗಿಳಿದು ಲೆಕ್ಕ, ಅಂದರೆ ಭಾರ ಕಡಿಮೆ.

ಪಕ್ಕದ ಮೀನುಗಾರಿಕೆ ದಕ್ಕೆಗೆ ಪಾಸು ಬೇಡ, ಮೂಗು ಗಟ್ಟಿ ಇರಬೇಕು. "ಮೀನು ತಿನ್ನೂದಿಲ್ಲ, ಬಂದರಕ್ಕೆ ಯಂತಕ್ಕೆ ಬರ್ತ್ರಿ ಅಕ್ಕೋರೆ?" ಎಂದು ಬುಟ್ಟಿ ಹೊತ್ತ ಹೆಂಗಸರು ನಗುತ್ತಾರೆ. ಹಡಗಿನ ಸುದ್ದಿ ಬೇಕಾದರೆ ಬೋಟು ನಡೆಸುವ ಇಲ್ಲಿಯ ತಾಂಡೇಲರನ್ನೇ ಕೇಳಬೇಕು. ಟ್ಯಾಂಕರು ಹೊರಗೆ ಲಂಗರು ಹಾಕಿ ಕಾದಿದೆಯೋ, ಯಾವ ಭರತಕ್ಕೆ (ನೀರು ಏರುವ ಹೊತ್ತಿಗೆ) ಒಳಗೆ ತರುತ್ತಾರೋ ಅವರಿಗೆ ಬಾಯಿಪಾಠ.

ಒಂದು ಎಚ್ಚರಿಕೆ. ಕಾರವಾರದ ತೆಂಕಿಗೆ ಸೀಬರ್ಡ್ ನೌಕಾನೆಲೆ. 284 ಮೀಟರ್ ಉದ್ದದ ವಿಕ್ರಮಾದಿತ್ಯ ವಿಮಾನವಾಹಕಕ್ಕೆ ಅದೇ ಮನೆ. ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಅತ್ತ ಕ್ಯಾಮೆರಾ ಎತ್ತಬೇಡಿ, ಡ್ರೋನ್ ಅಂತೂ ಬೇಡವೇ ಬೇಡ. 1498ರಲ್ಲಿ ವಾಸ್ಕೋ ಡ ಗಾಮ ತಂಗಿದ್ದ, 1961ರ ಡಿಸೆಂಬರ್‌ವರೆಗೂ ಪೋರ್ಚುಗೀಸರ ಕೈಯಲ್ಲಿದ್ದ ಅಂಜುದೀವ್ ನಡುಗಡ್ಡೆ ಕೂಡ ಈಗ ನೆಲೆಯ ಬೇಲಿಯೊಳಗೆ. ಯುದ್ಧನೌಕೆ ನೋಡಲೇಬೇಕೆಂದರೆ ಕಡಲತೀರದಲ್ಲಿ ಮ್ಯೂಸಿಯಂ ಮಾಡಿಟ್ಟ ಚಾಪಲ್ ಇದೆ. ಅದರ ಉದ್ದ 40 ಮೀಟರಿಗೂ ಕಡಿಮೆ. ಅದರ ಪಕ್ಕ ನಿಂತು, ಇಂಥವು ಐದು ಸಾಲಾಗಿ ನಿಂತರೆ ಒಂದು ಎಂಪ್ರೆಸ್, ಏಳು ನಿಂತರೆ ಒಂದು ವಿಕ್ರಮಾದಿತ್ಯ ಎಂದು ಅಂದಾಜು ಮಾಡಿದರೆ ದೂರದ ಹಡಗಿನ ಗಾತ್ರ ತಲೆಗೆ ಹತ್ತುತ್ತದೆ.

ದೊಡ್ಡ ಹಡಗು ಬರದಿರುವುದು ಹೊಸತಲ್ಲ, ಆದರೆ ಪ್ರಯಾಣಿಕರು ಬಾರದಿರುವುದು ಹೊಸತು. 1638ರಲ್ಲೇ ಇಂಗ್ಲಿಷರು ಕಾಳುಮೆಣಸಿಗೆಂದು ಇಲ್ಲಿ ವ್ಯಾಪಾರದ ಕೋಠಿ ತೆರೆದಿದ್ದರು. ಧಾರವಾಡದ ಹತ್ತಿಯನ್ನು ಈ ಬಂದರಿನಿಂದ ಸಾಗಿಸುವ ಆಸೆಗೆ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ನಮ್ಮ ಅತ್ತೆ ಮದುವೆಯಾದ ಹೊಸತರಲ್ಲಿ ಮುಂಬೈಗೆ ಹೋದದ್ದು ಆಗಬೋಟಿನಲ್ಲಿ, ಅಂದರೆ ಉಗಿಹಡಗಿನಲ್ಲಿ. ಹಡಗು ಆಳದಲ್ಲಿ ನಿಲ್ಲುತ್ತಿತ್ತಂತೆ, ದಂಡೆಯಿಂದ ಮಚವೆ ಎಂಬ ದೋಣಿಯಲ್ಲಿ ಜನರನ್ನೂ ಟ್ರಂಕುಗಳನ್ನೂ ಒಯ್ಯುತ್ತಿದ್ದರಂತೆ. ಮಳೆಗಾಲ ಬಂತೆಂದರೆ ಅದೂ ಬಂದ್. ಆಗ ಮುಂಬೈ ಹತ್ತಿರವಿತ್ತು, ಹುಬ್ಬಳ್ಳಿಯೇ ದೂರವಿತ್ತು ಎನ್ನುತ್ತಿದ್ದರು.

ಕಾರವಾರ ಬಿಟ್ಟು ಕೆಳಗೆ ಹೋದರೆ ಬೇಲೆಕೇರಿ. ಬಳ್ಳಾರಿಯ ಅದಿರು ಅರಬೈಲ್ ಘಟ್ಟ ಇಳಿದು ಇಲ್ಲಿಗೆ ಬರುತ್ತಿದ್ದ ಕಾಲದ ಗದ್ದಲ 2010ರ ರಫ್ತು ನಿಷೇಧದ ಜೊತೆ ಮುಗಿಯಿತು. ಈಗ ಮೀನಿನ ಬೋಟು ನೋಡಲು ಹೋಗಬಹುದು, ಅರ್ಧ ತಾಸು ಸಾಕು.

ತದಡಿಗೆ ಮಾತ್ರ ಇಡೀ ದಿನ ಕೊಡಿ. ಅಘನಾಶಿನಿ ಸಮುದ್ರ ಸೇರುವ ಅಳಿವೆ ಇದು. ಈ ಕಡೆ ತದಡಿಯ ಬೋಟುಗಳು, ಆ ಕಡೆ ಅಘನಾಶಿನಿ ಊರು, ನಡುವೆ ಜನರನ್ನೂ ಬೈಕುಗಳನ್ನೂ ದಾಟಿಸುವ ಬಾರ್ಜು. ಬಾರ್ಜಿನ ಮೇಲೆ ನಿಂತರೆ ನಮ್ಮ ನದಿ ಬಂದರುಗಳೆಲ್ಲ ಯಾಕೆ ಸಣ್ಣದಾಗಿಯೇ ಉಳಿದವು ಎಂಬುದು ಕಣ್ಣಿಗೇ ಕಾಣುತ್ತದೆ. ನದಿ ಹೊತ್ತು ತಂದ ಮರಳನ್ನು ಅಲೆ ಹಿಂದಕ್ಕೆ ನೂಕುತ್ತದೆ, ಅಳಿವೆಯ ಬಾಯಲ್ಲಿ ದಿಬ್ಬ ಕೂರುತ್ತದೆ, ಆ ದಿಬ್ಬದ ಮೇಲೆ ತೆರೆ ಒಡೆದು ಬೆಳ್ಳಗೆ ನೊರೆಯಾಗುತ್ತದೆ. ಮಚವೆಗೆ, ಟ್ರಾಲ್ ಬೋಟಿಗೆ ಭರತದಲ್ಲಿ ದಾಟಲು ಸಾಕು, ಆಳಕ್ಕೆ ಇಳಿಯುವ ಹಡಗಿಗೆ ಸಾಲದು. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಇದೇ ದಿಬ್ಬಕ್ಕೆ ಬೋಟು ಬಡಿದು ಮಗುಚುತ್ತವೆ.

ಭರತ-ಇಳಿತದ ಹೊತ್ತು ತಿಳಿಯಲು ನಾನು ಪಂಚಾಂಗವನ್ನೇ ನೋಡುವುದು. ಹುಣ್ಣಿಮೆ, ಅಮಾವಾಸ್ಯೆಗೆ ದೊಡ್ಡ ಭರತ ಬರುವುದು ನಡುಹಗಲಿಗೆ ಸ್ವಲ್ಪ ಮೊದಲು, ದೊಡ್ಡ ಇಳಿತ ಸಂಜೆಗೆ. ಆಮೇಲೆ ದಿನಕ್ಕೆ ಐವತ್ತು ನಿಮಿಷದಷ್ಟು ತಡ. ಬೋಟುಗಳ ಓಡಾಟ ನೋಡಬೇಕಾದರೆ ಭರತಕ್ಕೆ ಹೋಗಿ. ಕೆಸರಿನಲ್ಲಿ ಬಳಚು (ಚಿಪ್ಪಿನ ಜೀವಿ) ಆರಿಸುವವರನ್ನು, ಹಕ್ಕಿಗಳನ್ನು ನೋಡಬೇಕಾದರೆ ಇಳಿತಕ್ಕೆ.

"ದೊಡ್ಡ ಹಡಗು ನೋಡೂಕೆ ಬಂದ್ರಾ? ಅದು ಇಲ್ಲಿಗೆಲ್ಲಿ ಬತ್ತದ್ರಾ ಅಕ್ಕ" ಎಂದ ಬಾರ್ಜಿನವನು, ಆಚೆ ದಡಕ್ಕೆ ಕಟ್ಟುವವರೆಗೂ ಬಿಡದೆ ಮರಳಿನ ದಿಬ್ಬ ಪ್ರತಿ ಮಳೆಗಾಲಕ್ಕೆ ಎತ್ತೆತ್ತ ಸರಿಯಿತೆಂದು ಕೈಮಾಡಿ ತೋರಿಸಿದ. ಅಳಿವೆ ಹೇಗೆ ಜಾಗ ಬದಲಿಸುತ್ತದೆ ಎಂಬುದನ್ನು ನಾನು ಸರಿಯಾಗಿ ಅರ್ಥಮಾಡಿಕೊಂಡಿದ್ದು ಅಲ್ಲಿಯೇ.

ಆಚೆ ದಡದಿಂದ ಕುಮಟಾಕ್ಕೆ ಬಂದು ಹೆಡ್‌ಬಂದರಿನ ಗುಡ್ಡ ಹತ್ತಿದರೆ ಲೈಟ್‌ಹೌಸು. ಪ್ರತಿ ಲೈಟ್‌ಹೌಸಿಗೂ ಮಿನುಗುವ ಲಯ ಬೇರೆ. ಕತ್ತಲಾದ ಮೇಲೆ ಗಡಿಯಾರ ಹಿಡಿದು ಸೆಕೆಂಡು ಎಣಿಸಿದರೆ ಇದು ಕುಮಟೆ, ಅದು ಕಾರವಾರದೆದುರಿನ ಆಯ್ಸ್ಟರ್ ರಾಕ್ ಎಂದು ಗುರುತು ಹಿಡಿಯಬಹುದು. ಹೊನ್ನಾವರವನ್ನು ರೈಲಿನ ಕಿಟಕಿಯಿಂದ ನೋಡಿದರೇ ಚೆಂದ. ಶರಾವತಿಯ ಮೇಲಿನ ಕೊಂಕಣ ರೈಲ್ವೆ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಪಡುವಣ ಬದಿಗೆ ಕುಳಿತರೆ ಅಳಿವೆ, ದಕ್ಕೆ ಎಲ್ಲ ಸಾಲಾಗಿ ಬರುತ್ತವೆ.

ಗುಡ್ಡ ಹತ್ತಲಾರದವರಿಗೆ ಮುರುಡೇಶ್ವರ. ಇಪ್ಪತ್ತು ಅಂತಸ್ತಿನ ಗೋಪುರದ 18ನೇ ಅಂತಸ್ತಿಗೆ ಲಿಫ್ಟ್ ಇದೆ. ಸದಾಶಿವಗಡದಷ್ಟೇ ಎತ್ತರ, ಮೊಣಕಾಲು ನೋವಿಲ್ಲ. ಎಲ್ಲರೂ ಕೆಳಗಿನ ಶಿವನ ಫೋಟೊ ತೆಗೆಯುವಾಗ ಪಡುವಣ ಕಿಂಡಿ ಖಾಲಿ ಇರುತ್ತದೆ. ನೇತ್ರಾಣಿ ನಡುಗಡ್ಡೆಯನ್ನು ಗುರುತಾಗಿ ಇಟ್ಟುಕೊಂಡು ಅದರ ಎಡಬಲ ಹುಡುಕಿದರೆ ಸರಕಿನ ಹಡಗುಗಳು ಸಿಕ್ಕೇ ಸಿಗುತ್ತವೆ. ಒಮ್ಮೆ ವಿಜಯನಗರಕ್ಕೆ ಅರಬ್ಬಿ ಕುದುರೆ ಇಳಿಯುತ್ತಿದ್ದ ಭಟ್ಕಳ ಅಲ್ಲಿಂದ ಸ್ವಲ್ಪವೇ ದೂರ. ಬಂದರು ನೋಡಿ ಬರುವಾಗ ಪೇಟೆಯಲ್ಲಿ ಮಲ್ಲಿಗೆ ಕೊಳ್ಳಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಕ್ರೂಸ್ ಹಡಗುಗಳೂ ಆ ಹೊತ್ತಿಗೆ ಇತ್ತ ಸುಳಿಯುವುದಿಲ್ಲ. ಆ ತಿಂಗಳುಗಳಲ್ಲಿ ಮಾಡಬೇಕಾದ ಕೆಲಸವೆಂದರೆ ಬೈನಾಕ್ಯುಲರ್ ಕಾಯುವುದು. ನಮ್ಮ ಕರಾವಳಿಯ ಥಂಡಿಗೆ ಗಾಜಿನೊಳಗೆ ಬೂಸಲು ಹಿಡಿದರೆ ಬಿಡಿಸುವವರು ಸಿಗುವುದಿಲ್ಲ. ಚರ್ಮದ ಚೀಲದಿಂದ ಹೊರಗೆ ತೆಗೆದು, ಒಣಬಟ್ಟೆಯಲ್ಲಿ ಉಪ್ಪಿನಂಶ ಒರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಅಕ್ಕಿ ಹಾಕಿದರೂ ಆದೀತು ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದರ ಪುಡಿ ಗಾಜಿಗೆ ಹತ್ತುತ್ತದೆ.