ದೊಡ್ಡ ಟ್ರೈಲರ್ ಎಳೆಯುವವರೇ, ಬಂಕನ್ನು ಮೊದಲು ಮೇಲಿನಿಂದ ನೋಡಿ

ಟ್ರೈಲರ್ ಕಟ್ಟಿಕೊಂಡು ಹೊರಟಾಗ ಬಂಕ್‌ಗೆ ತಿರುಗುವ ಮೊದಲೇ ಮ್ಯಾಪ್‌ನಲ್ಲಿ ಸ್ಯಾಟಲೈಟ್ ನೋಟ ಹಾಕಿ ನೋಡಿ. ಒಳಗೆ ಹೋಗಲು ಒಂದು ದಾರಿ, ಹೊರಗೆ ಬರಲು ಇನ್ನೊಂದು ಇದ್ದು, ಪಂಪ್‌ಗಳು ಬಂಕಿನ ಅಂಗಡಿಯ ಮುಂಭಾಗಕ್ಕೆ ಸಮಾನಾಂತರವಾಗಿದ್ದರೆ ನೇರ ಹೋಗಿ ನೇರ ಬರಬಹುದು. ಗಾಡಿಯ ಮೂತಿ ಅಂಗಡಿಯತ್ತ ನಿಲ್ಲುವಂಥ ಬಂಕ್ ಆದರೆ ದಯವಿಟ್ಟು ಬಿಟ್ಟುಬಿಡಿ. ತಿರುವಿನಲ್ಲಿ ಟ್ರೈಲರ್ ಚಕ್ರ ಮುಂದಿನ ಗಾಡಿಯ ಜಾಡು ಬಿಟ್ಟು ಒಳಕ್ಕೆ ಸರಿಯುತ್ತದೆ. ಪಂಪ್ ಪಕ್ಕದ ಕಬ್ಬಿಣದ ಗೂಟಕ್ಕೆ ಮೈ ಉಜ್ಜುವುದು ಆಗಲೇ. ಲಾರಿಗಳು ನಿಂತಿರುವ ಬಂಕ್ ಕಂಡರೆ ಇನ್ನೂ ನಿರಾಳ. ಸ್ಯಾಟಲೈಟ್ ಚಿತ್ರದಲ್ಲಿ ಬಂಕಿನ ಚಾವಣಿಯ ಎತ್ತರ ಮಾತ್ರ ತಿಳಿಯದು, ರಸ್ತೆಯಿಂದ ತೆಗೆದ ಚಿತ್ರ ತೋರಿಸುವ ಸ್ಟ್ರೀಟ್ ವ್ಯೂನಲ್ಲಿ ಎತ್ತರದ ಫಲಕ ಹುಡುಕಿ (ಟ್ರೈಲರ್ ಮೇಲೆ ಏಸಿ ಇದ್ದರೆ ಅದನ್ನೂ ಸೇರಿಸಿ ನಿಮ್ಮ ಟ್ರೈಲರ್ ಎಷ್ಟೆತ್ತರ ಎಂದು ಅಳೆದಿಟ್ಟುಕೊಳ್ಳಿ). ಚಿತ್ರ ಹಳೆಯದಾಗಿರಲೂಬಹುದು, ಹಾಗಾಗಿ ಟ್ಯಾಂಕ್ ಅರ್ಧಕ್ಕಿಳಿದಾಗಲೇ ಹುಡುಕಲು ಶುರುಮಾಡಿ.