ಓಪನ್‌ಎಸ್‌ಎಸ್‌ಎಲ್ ಅಪ್‌ಗ್ರೇಡ್: ಹೊಸ ಫೈಲ್ ಬಂದರೆ ಸಾಲದು

ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಲಿನಕ್ಸ್ ಸರ್ವರ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಬಂತು. ಹಾಕಿದೆ. ಒಂದು ಎರರ್ ಕೂಡ ಬರಲಿಲ್ಲ. ಕೆಲಸ ಮುಗಿಯಿತು ಅಂದುಕೊಂಡೆ. ಮೂರು ವಾರ ಆದ ಮೇಲೆ ಗೊತ್ತಾಯಿತು, ವೆಬ್ ಸರ್ವರ್ ಅಷ್ಟೂ ದಿನ ದೋಷವಿದ್ದ ಹಳೆಯ ಲೈಬ್ರರಿಯಲ್ಲೇ ಓಡುತ್ತಿತ್ತು. ಡಿಸ್ಕ್‌ನಲ್ಲಿ ಹೊಸದು, ಮೆಮೊರಿಯಲ್ಲಿ ಹಳೆಯದು. ನಿಮಗೆ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಲೈಬ್ರರಿ ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್. ಓಪನ್‌ಎಸ್‌ಎಸ್‌ಎಲ್ ಮಾಡುವುದು ಗೂಢಲಿಪಿಯ ಕೆಲಸ. ವೆಬ್ ಸರ್ವರ್, ಮೇಲ್ ಸರ್ವರ್, ಡೇಟಾಬೇಸ್, ಪೈಥಾನ್, ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಎಲ್ಲಕ್ಕೂ ಇದು ಬೇಕು. ಹಾಗಾಗಿ ಇಲ್ಲಿ ಒಂದು ಫೈಲ್ ಬದಲಾದರೆ ಹತ್ತಾರು ಪ್ರೋಗ್ರಾಂಗಳಿಗೆ ಅದು ತಟ್ಟುತ್ತದೆ.

ಇಲ್ಲಿನ ಉದಾಹರಣೆಗಳು ಡೆಬಿಯನ್ ಮತ್ತು ಉಬುಂಟು ಅನ್ನುವ ಡಿಸ್ಟ್ರೋಗಳವು, ಅಂದರೆ ಲಿನಕ್ಸ್‌ನ ವಿತರಣೆಗಳವು. ಇವುಗಳಲ್ಲಿ ಪ್ರೋಗ್ರಾಂಗಳು ಪ್ಯಾಕೇಜ್ ಅನ್ನುವ ಕಟ್ಟುಗಳಾಗಿ ಬರುತ್ತವೆ. ಅವನ್ನು ತಂದು ಹಾಕುವ ಪ್ಯಾಕೇಜ್ ಮ್ಯಾನೇಜರ್ ಆಪ್ಟ್. ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಮೊದಲು: ಇದು ಯಾವ ಬಗೆಯ ಅಪ್‌ಗ್ರೇಡ್?

ಎರಡು ಬಗೆ ಇವೆ. ಒಂದು, ಅದೇ ಆವೃತ್ತಿಯೊಳಗೆ ದೋಷ ಸರಿಪಡಿಸುವುದು. ಇದರಲ್ಲಿ ಅಪಾಯ ಕಡಿಮೆ, ತಡಮಾಡಬಾರದು. ಇನ್ನೊಂದು, ದೊಡ್ಡ ಆವೃತ್ತಿಗೇ ಜಿಗಿಯುವುದು, ಅಂದರೆ 1.1.1ರಿಂದ 3.0ಗೆ ಹೋದ ಹಾಗೆ. ಇದರಲ್ಲಿ ಲೈಬ್ರರಿಯ ಫೈಲ್ ಹೆಸರೇ ಬದಲಾಗುತ್ತದೆ. ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1 ಇದ್ದದ್ದು ಲಿಬ್‌ಎಸ್‌ಎಸ್‌ಎಲ್.ಎಸ್‌ಒ.3 ಆಗುತ್ತದೆ. ಕೊನೆಯ ಆ ಅಂಕಿ ಸುಮ್ನೆ ಇಟ್ಟಿದ್ದಲ್ಲ. 'ಹಳೆಯದಕ್ಕೆ ಕಂಪೈಲ್ ಆದ (ಸೋರ್ಸ್ ಕೋಡ್‌ನಿಂದ ಓಡುವ ರೂಪಕ್ಕೆ ಬಂದ) ಪ್ರೋಗ್ರಾಂ ನನ್ನ ಜೊತೆ ಓಡುವುದಿಲ್ಲ' ಅಂತ ಲೈಬ್ರರಿ ಹೇಳುವ ರೀತಿ ಅದು. ಹೊಸ ಫೈಲ್‌ಗೆ ಹಳೆಯ ಹೆಸರಿನ ಲಿಂಕ್ ಕೊಟ್ಟು ದಾಟಿಕೊಳ್ಳೋಣ ಅಂತ ಕೆಲವರು ನೋಡುತ್ತಾರೆ. ದಯವಿಟ್ಟು ಬೇಡ.

ಈ ಎರಡನೆಯ ಬಗೆಯನ್ನು ನೀವು ಕೈಯಾರೆ ಮಾಡಬೇಡಿ. ಸೋರ್ಸ್ ತಂದು, ಕಂಪೈಲ್ ಮಾಡಿ, ಸಿಸ್ಟಮ್ ಲೈಬ್ರರಿಯ ಮೇಲೆ ಬರೆದರೆ ಎಸ್‌ಎಸ್‌ಎಚ್ ಕೂಡ ನಿಂತುಹೋಗಬಹುದು. ಆಮೇಲೆ ಒಳಗೆ ಹೋಗುವ ದಾರಿಯೇ ಇರುವುದಿಲ್ಲ. ದೊಡ್ಡ ಜಿಗಿತವನ್ನು ಡಿಸ್ಟ್ರೋದ ಜೊತೆಗೇ ಮಾಡಿ. ಡೆಬಿಯನ್ 11ರಿಂದ 12ಕ್ಕೆ, ಉಬುಂಟು 20.04ರಿಂದ 22.04ಕ್ಕೆ ಹೋದರೆ 3.0 ತಾನಾಗಿ ಬರುತ್ತದೆ. ಅದನ್ನು ಬಳಸುವ ಪ್ಯಾಕೇಜ್‌ಗಳೂ ಹೊಸದಕ್ಕೆ ಕಂಪೈಲ್ ಆಗಿಯೇ ಬರುತ್ತವೆ.

ಆವೃತ್ತಿ ನೋಡಿ ಹೆದರಬೇಡಿ

2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಹೊರಬಿತ್ತು. 1.0.1ರಿಂದ 1.0.1ಎಫ್‌ವರೆಗೆ ಎಲ್ಲದರಲ್ಲೂ ತೊಂದರೆ ಇತ್ತು, 1.0.1ಜಿಯಲ್ಲಿ ಸರಿಯಾಯಿತು. ಆದರೆ ಡೆಬಿಯನ್ 7, ಅಂದರೆ ವೀಜಿಯಲ್ಲಿ ಸರಿಪಡಿಸಿದ ಪ್ಯಾಕೇಜ್ ಹಾಕಿದ ಮೇಲೂ ಆವೃತ್ತಿ 1.0.1ಇ ಅಂತಲೇ ಇತ್ತು. ಸ್ಟೇಬಲ್ ಡಿಸ್ಟ್ರೋಗಳು ಆವೃತ್ತಿಯನ್ನು ಹಾಗೇ ಇಟ್ಟು, ದೋಷದ ತಿದ್ದುಪಡಿಯನ್ನು ಮಾತ್ರ ಹಿಂದಕ್ಕೆ ತಂದು ಸೇರಿಸುತ್ತವೆ. ಗಮನಿಸಬೇಕಾದ್ದು ಪ್ಯಾಕೇಜ್ ಸಂಖ್ಯೆಯ ಬಾಲ. ಅಲ್ಲಿ 'ಡೆಬ್7ಯು5' ಅನ್ನುವ ತುದಿಯೇ ಸರಿಪಡಿಸಿದ ಗುರುತಾಗಿತ್ತು. ಆಪ್ಟ್ ಚೇಂಜ್‌ಲಾಗ್ ಅಂತ ಕೊಟ್ಟು ಮುಂದೆ ಪ್ಯಾಕೇಜ್ ಹೆಸರು ಬರೆದರೆ ಯಾವ ದೋಷ ಸರಿಯಾಗಿದೆ ಅಂತ ಓದಬಹುದು. ಎರಡು ನಿಮಿಷದ ಕೆಲಸ, ಓದಿ.

ಯಾರೆಲ್ಲ ಬಳಸುತ್ತಿದ್ದಾರೆ?

ಪ್ಯಾಕೇಜ್ ಹೆಸರು ಡೆಬಿಯನ್ 12ರಲ್ಲಿ ಲಿಬ್‌ಎಸ್‌ಎಸ್‌ಎಲ್3, 13ರಲ್ಲಿ ಲಿಬ್‌ಎಸ್‌ಎಸ್‌ಎಲ್3ಟಿ64. ಆಪ್ಟ್-ಕ್ಯಾಶ್ ಆರ್‌ಡಿಪೆಂಡ್ಸ್ ಕಮಾಂಡ್‌ಗೆ ಇನ್‌ಸ್ಟಾಲ್ಡ್ ಅನ್ನುವ ಆಯ್ಕೆ ಸೇರಿಸಿ ಈ ಹೆಸರು ಕೊಡಿ. ನಿಮ್ಮ ಯಂತ್ರದಲ್ಲಿ ಇದನ್ನು ಅವಲಂಬಿಸಿರುವ ಪ್ಯಾಕೇಜ್‌ಗಳ ಪಟ್ಟಿ ಬರುತ್ತದೆ. ಮೊದಲ ಸಲ ನೋಡಿದಾಗ ಉದ್ದ ಕಂಡು ಗಾಬರಿಯಾಗುತ್ತದೆ. ಪರವಾಗಿಲ್ಲ. ನಿಂತರೆ ಜನರಿಗೆ ತೊಂದರೆಯಾಗುವ ನಾಲ್ಕೈದು ಸರ್ವಿಸ್‌ಗಳನ್ನು ಬರೆದಿಟ್ಟುಕೊಳ್ಳಿ. ಪ್ಯಾಕೇಜ್ ಮ್ಯಾನೇಜರ್‌ನ ಹೊರಗೆ ನೀವೇ ತಂದು ಹಾಕಿದ ಪ್ರೋಗ್ರಾಂಗಳು ಇದರಲ್ಲಿ ಇರುವುದಿಲ್ಲ. ಅವನ್ನು ನೀವೇ ನೆನಪಿಸಿಕೊಂಡು ಸೇರಿಸಬೇಕು.

ಮೊದಲು ತಾಲೀಮು, ಆಮೇಲೆ ನಿಜ

ಬ್ಯಾಕಪ್ ತೆಗೆಯಿರಿ. ವರ್ಚುವಲ್ ಯಂತ್ರವಾದರೆ ಸ್ನ್ಯಾಪ್‌ಶಾಟ್ ಸಾಕು. ಆಪ್ಟ್ ಅಪ್‌ಡೇಟ್ ಮಾಡಿ. ನಂತರ ಆಪ್ಟ್-ಗೆಟ್ ಅಪ್‌ಗ್ರೇಡ್‌ಗೆ ಸಣ್ಣ ಎಸ್ ಆಯ್ಕೆ ಕೊಟ್ಟು ಓಡಿಸಿ. ಏನೂ ಬದಲಾಗುವುದಿಲ್ಲ, ಏನಾಗಲಿದೆ ಅಂತ ಮಾತ್ರ ತೋರಿಸುತ್ತದೆ. ಡಿಸ್ಟ್ರೋ ಬದಲಿಸುವಾಗ ನಡೆಸುವ ಫುಲ್-ಅಪ್‌ಗ್ರೇಡ್‌ಗೂ ಹೀಗೇ ಮಾಡಿ. ಅಲ್ಲಿ ಪ್ಯಾಕೇಜ್‌ಗಳನ್ನು ತೆಗೆದುಹಾಕುವ ಸಾಲುಗಳೂ ಬರಬಹುದು. ಬೇಕಾದ ಪ್ಯಾಕೇಜ್ ಆ ಸಾಲಿನಲ್ಲಿ ಕಂಡರೆ ಅಲ್ಲೇ ನಿಲ್ಲಿ, ಕಾರಣ ಹುಡುಕಿ.

ಎಲ್ಲ ಸರಿ ಅನಿಸಿದರೆ ಎಸ್ ಇಲ್ಲದೆ ಓಡಿಸಿ. ದೂರದ ಸರ್ವರ್ ಆದರೆ ಇನ್ನೊಂದು ಎಸ್‌ಎಸ್‌ಎಚ್ ಕಿಟಕಿ ತೆರೆದಿಡಿ. ಕೆಲಸ ಮುಗಿದು, ಹೊಸದಾಗಿ ಒಮ್ಮೆ ಲಾಗಿನ್ ಆಗಿ ನೋಡುವವರೆಗೆ ಅದನ್ನು ಮುಚ್ಚಬೇಡಿ.

ಎಲ್ಲರೂ ಬಿಟ್ಟುಬಿಡುವ ಹಂತ

ಆಪ್ಟ್ ತಂದ ಪ್ಯಾಕೇಜನ್ನು ಬಿಚ್ಚಿ ಕೂರಿಸುವ ಡಿಪಿಕೆಜಿ ಹಳೆಯ ಫೈಲ್ ಮೇಲೆ ಬರೆಯುವುದಿಲ್ಲ. ಹೊಸ ಫೈಲನ್ನು ಪಕ್ಕದಲ್ಲಿ ತಯಾರಿಸಿ, ಹೆಸರನ್ನು ಅದಕ್ಕೆ ವರ್ಗಾಯಿಸುತ್ತದೆ. ಹಳೆಯ ಫೈಲ್‌ಗೆ ಹೆಸರು ಹೋದರೂ ಅದನ್ನು ಹಿಡಿದುಕೊಂಡಿರುವ ಪ್ರೋಗ್ರಾಂ ಇರುವವರೆಗೆ ಅದು ಬದುಕಿರುತ್ತದೆ. ಓಡುತ್ತಿರುವ ಕೆಲಸಕ್ಕೆ ಅಡ್ಡಿಯಾಗಬಾರದು ಅಂತಲೇ ಈ ಏರ್ಪಾಡು. ತುಂಬ ಒಳ್ಳೆಯ ಏರ್ಪಾಡು. ಆದರೆ ನನ್ನ ಮೂರು ವಾರ ಹೋದದ್ದು ಇಲ್ಲೇ. ಪ್ರೋಗ್ರಾಂ ಮತ್ತೆ ಶುರುವಾಗದೆ ಹೊಸ ಲೈಬ್ರರಿ ಅದರೊಳಗೆ ಬರುವುದಿಲ್ಲ.

ಪತ್ತೆ ಹಚ್ಚಲು ನೀಡ್‌ರೀಸ್ಟಾರ್ಟ್ ಅನ್ನುವ ಟೂಲ್ ಇದೆ. ಯಾವ ಸರ್ವಿಸ್ ಹಳೆಯದನ್ನು ಹಿಡಿದು ಕೂತಿದೆ ಅಂತ ತೋರಿಸಿ, ರೀಸ್ಟಾರ್ಟ್ ಮಾಡಲೇ ಅಂತ ಕೇಳುತ್ತದೆ. ಅದಿಲ್ಲದಿದ್ದರೆ ತೆರೆದಿರುವ ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್ ಓಡಿಸಿ, ಲಿಬ್‌ಎಸ್‌ಎಸ್‌ಎಲ್ ಮತ್ತು ಲಿಬ್‌ಕ್ರಿಪ್ಟೋ (ಎರಡೂ ಓಪನ್‌ಎಸ್‌ಎಸ್‌ಎಲ್‌ನ ಲೈಬ್ರರಿಗಳೇ) ಇರುವ ಸಾಲುಗಳನ್ನು ಆರಿಸಿ. ಸಾಲಿನಲ್ಲಿ 'ಡಿಇಎಲ್' ಅಂತಿದ್ದರೆ ಆ ಪ್ರೋಗ್ರಾಂ ಹಳೆಯದರಲ್ಲೇ ಇದೆ. ಬರೆದಿಟ್ಟ ಪಟ್ಟಿ ತೆಗೆದು ಒಂದೊಂದಾಗಿ ರೀಸ್ಟಾರ್ಟ್ ಮಾಡಿ, ಮತ್ತೆ ನೋಡಿ. ಪಟ್ಟಿ ಜಾಸ್ತಿ ಉದ್ದ ಇದ್ದರೆ ಯಂತ್ರವನ್ನೇ ರೀಬೂಟ್ ಮಾಡುವುದು ಲೇಸು. ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿ ಬದಲಾದಾಗ ನಾನು ಮಾಡುವುದು ಅದನ್ನೇ. ಅದನ್ನು ಬಳಸದ ಪ್ರೋಗ್ರಾಂ ಸಿಗುವುದೇ ಕಷ್ಟ ಅಲ್ವಾ?

ಏನಾದರೂ ಕೆಟ್ಟರೆ

ಮೊದಲು ಲಾಗ್ ಓದಿ. 3.0ಗೆ ಹೋದ ಮೇಲೆ ಕಾಣುವ ದೂರುಗಳಲ್ಲಿ ಹಲವು ಲೈಬ್ರರಿಯ ತಪ್ಪಲ್ಲ. ಎಂಡಿ4, ಆರ್‌ಸಿ4, ಬ್ಲೋಫಿಶ್‌ನಂಥ ಹಳೆಯ ಗೂಢಲಿಪಿ ವಿಧಾನಗಳನ್ನು ಅದರಲ್ಲಿ 'ಲೆಗಸಿ' ಅನ್ನುವ ಬೇರೆ ಭಾಗಕ್ಕೆ ಸರಿಸಿದ್ದಾರೆ. ಕೇಳದೆ ಅದು ಲೋಡ್ ಆಗುವುದಿಲ್ಲ. ಡೆಬಿಯನ್, ಉಬುಂಟುಗಳ ಸೆಕ್ಯುರಿಟಿ ಮಟ್ಟದಲ್ಲಿ 2048 ಬಿಟ್‌ಗಿಂತ ಚಿಕ್ಕ ಆರ್‌ಎಸ್‌ಎ ಕೀಲಿಯೂ ನಡೆಯುವುದಿಲ್ಲ. ಸರಿಯಾದ ಪರಿಹಾರ ಕೀಲಿ ಬದಲಿಸುವುದು, ಮಟ್ಟ ಇಳಿಸುವುದಲ್ಲ.

1.1 ಮಾತ್ರ ಬೇಕು ಅನ್ನುವ ಹಳೆಯ ಪ್ರೋಗ್ರಾಂ ಇದ್ದರೆ? ಹಿಂದಿನ ಡಿಸ್ಟ್ರೋದ ಪ್ಯಾಕೇಜ್ ತಂದು ಹೊಸದರ ಪಕ್ಕ ಕೂರಿಸುವ ಆಸೆ ಬರುತ್ತದೆ. ಆದರೆ 1.1.1ಕ್ಕೆ ಎಲ್ಲರಿಗೂ ಸಿಗುತ್ತಿದ್ದ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೆ ಮುಗಿದಿದೆ. ಹಾಗೆ ತಂದು ಕೂರಿಸಿದ್ದಕ್ಕೆ ಆಪ್ಟ್ ಮುಂದೆ ಯಾವ ಅಪ್‌ಡೇಟನ್ನೂ ತರುವುದಿಲ್ಲ. ಹೊಸದಕ್ಕೆ ಕಂಪೈಲ್ ಮಾಡಲು ಆಗುತ್ತಾ ನೋಡಿ. ಆಗದಿದ್ದರೆ ಕಂಟೇನರ್ (ಯಂತ್ರದೊಳಗೇ ಪ್ರೋಗ್ರಾಂ ಪ್ರತ್ಯೇಕವಾಗಿ ಓಡುವ ಪೆಟ್ಟಿಗೆ) ಒಳಗೆ ಇಟ್ಟು, ಹೊರಗಿನ ನೆಟ್‌ವರ್ಕ್‌ನಿಂದ ದೂರ ಇಡಿ.

ಕಂಟೇನರ್ ಮಾತು ಬಂತಲ್ಲ, ಇದನ್ನೂ ನೋಡಿಬಿಡಿ. ಕಂಟೇನರ್ ಶುರುವಾಗುವುದು ಇಮೇಜ್ ಅನ್ನುವ ಅಚ್ಚಿನಿಂದ. ಪ್ರತಿ ಇಮೇಜ್ ತನ್ನದೇ ಲೈಬ್ರರಿ ಹೊತ್ತುಕೊಂಡಿರುತ್ತದೆ. ಮೇಲೆ ಹೇಳಿದ್ದನ್ನೆಲ್ಲ ಯಂತ್ರದ ಮೇಲೆ ಮಾಡಿದರೂ ಕಂಟೇನರ್ ಒಳಗೆ ಏನೂ ಬದಲಾಗಿರುವುದಿಲ್ಲ. ಬೇಸ್ ಇಮೇಜ್ ಹೊಸದಾಗಿ ಎಳೆದುಕೊಳ್ಳಿ, ಇಮೇಜನ್ನು ಮತ್ತೆ ಕಟ್ಟಿ, ಹಳೆಯ ಕಂಟೇನರ್ ನಿಲ್ಲಿಸಿ ಹೊಸದನ್ನು ಓಡಿಸಿ. ಆಮೇಲೆ ಅದರೊಳಗೆ ಹೋಗಿ ಪ್ಯಾಕೇಜ್ ಸಂಖ್ಯೆಯ ಬಾಲವನ್ನು ಇನ್ನೊಮ್ಮೆ ನೋಡಿ.